ವರಮಾನ ಕುಸಿದಾಗ ಎಲ್ಲಿಂದ ಹುಡುಕಬೇಕು: ಸ್ವತಂತ್ರ ವಿಡಿಯೊ ತಯಾರಕರಿಗೊಂದು ದೋಷ ನಿವಾರಣೆ ಕೈಪಿಡಿ

ಬ್ಯಾಟರಿಯಿಂದ ನಡೆಯುವ ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಸದ್ದಿಲ್ಲದೆ ಮೇಜಿನ ಮೇಲೆ ಬಂದಾಗ ಪಳಗಿದ ರಿಪೇರಿಯವರು ಮೊದಲು ಆಂಟೆನಾ ಕಡೆಗೆ ಕೈ ಹಾಕುವುದಿಲ್ಲ. ಸ್ಪೀಕರಿನಿಂದ ಶುರುಮಾಡಿ ಹಿಂದಕ್ಕೆ ಬರುತ್ತಾರೆ. ವಾಲ್ಯೂಮ್ ಕಂಟ್ರೋಲಿನ ನಡುವಿನ ಕಾಲಿಗೆ ಸ್ಕ್ರೂಡ್ರೈವರಿನ ತುದಿ ತಾಗಿಸಿದಾಗ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಬಂದರೆ ಅಲ್ಲಿಂದ ಸ್ಪೀಕರಿನವರೆಗಿನ ಅರ್ಧ ಸರಿಯಿದೆ, ದೋಷವಿರುವುದು ಇನ್ನರ್ಧದಲ್ಲಿ ಎಂಬುದು ಒಂದೇ ಪರೀಕ್ಷೆಯಲ್ಲಿ ತಿಳಿದುಹೋಗುತ್ತದೆ. ರೇಡಿಯೊ ಮತ್ತು ಆಂಪ್ಲಿಫೈಯರ್ ದುರಸ್ತಿಯ ವಿಡಿಯೊಗಳನ್ನು ಮಾಡಿ ಹಾಕುವ ನನಗೆ ಈ ಕ್ರಮ ಕೈಗೆ ಅಭ್ಯಾಸವಾಗಿತ್ತು. ಆದರೆ ನನ್ನದೇ ಚಾನೆಲ್ಲಿನ ವರಮಾನ ಮೊದಲ ಸಲ ಅರ್ಧದಷ್ಟಕ್ಕೆ ಇಳಿದಾಗ ಅದೆಲ್ಲವನ್ನೂ ಮರೆತು, ಯಾರಿಗೆ ಯಾವ ವಿಡಿಯೊ ತೋರಿಸಬೇಕೆಂದು ಆರಿಸುವ ವೇದಿಕೆಯ ಅಲ್ಗಾರಿದಮ್ ಬದಲಾಗಿದೆ ಎಂದು ನಾನೇ ತೀರ್ಪು ಕೊಟ್ಟುಕೊಂಡು, ಒಂದೇ ರಾತ್ರಿಯಲ್ಲಿ ಹನ್ನೊಂದು ವಿಡಿಯೊಗಳ ಥಂಬ್‌ನೇಲ್ (ಒತ್ತುವ ಮೊದಲು ಕಾಣುವ ಮುಖಚಿತ್ರ) ಬದಲಿಸಿದೆ. ಅದರ ಫಲವೇನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಈ ಕೈಪಿಡಿ ಆ ತಪ್ಪಿನಿಂದ ಹುಟ್ಟಿದ್ದು. ವರಮಾನ ಎನ್ನುವುದು ಹಲವು ಘಟ್ಟಗಳನ್ನು ದಾಟಿ ಬರುವ ಸಂಕೇತವಿದ್ದಂತೆ. ಅಲ್ಗಾರಿದಮ್ ಅವುಗಳಲ್ಲಿ ಒಂದು ಘಟ್ಟ ಮಾತ್ರ, ಅದೂ ಸಾಲಿನ ತೀರ ಹಿಂದಿನ ತುದಿಯಲ್ಲಿರುವಂಥದ್ದು. ಆದ್ದರಿಂದ ಬ್ಯಾಂಕ್ ಖಾತೆಯಿಂದ ಆರಂಭಿಸಿ ಒಂದೊಂದೇ ಘಟ್ಟವನ್ನು ಅಳೆಯುತ್ತ ಹಿಂದಕ್ಕೆ ನಡೆಯಬೇಕು, ಉಳಿದೆಲ್ಲವೂ ಸರಿಯಿದೆ ಎಂದು ಖಚಿತವಾದ ಮೇಲೆಯೇ ಅಲ್ಗಾರಿದಮ್ಮಿನ ಮೇಲೆ ಅನುಮಾನ ಪಡಬೇಕು. ನಿಯಮಗಳನ್ನೂ ಅಂಕಿಗಳನ್ನೂ ಬಹಿರಂಗವಾಗಿ ಪ್ರಕಟಿಸಿರುವುದರಿಂದ ಉದಾಹರಣೆಗೆ ಯೂಟ್ಯೂಬನ್ನೇ ಇಟ್ಟುಕೊಂಡಿದ್ದೇನೆ. ಬೇರೆ ವೇದಿಕೆಗಳಲ್ಲಿ ಪುಟಗಳ ಹೆಸರು ಬೇರೆಯಿದ್ದರೂ ಹುಡುಕುವ ಕ್ರಮ ಇದೇ.

ಮುಟ್ಟುವ ಮೊದಲು

ಕುಸಿತ ಕಂಡ ದಿನ ಚಾನೆಲ್ಲಿನಲ್ಲಿ ಏನನ್ನೂ ಬದಲಿಸಬೇಡಿ. ಶೀರ್ಷಿಕೆ, ಥಂಬ್‌ನೇಲ್, ವಿವರಣೆ, ವಿಡಿಯೊ ಹಾಕುವ ವೇಳೆ, ಎಲ್ಲವೂ ಇದ್ದಂತೆಯೇ ಇರಲಿ. ಹಳೆಯ ವಿಡಿಯೊವನ್ನು ಅಳಿಸಿ ಮತ್ತೆ ಹಾಕುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಹಾಗೆ ಮಾಡಿದರೆ ಆ ವಿಡಿಯೊ ಗಳಿಸಿದ ವೀಕ್ಷಣೆ, ಕಮೆಂಟು, ಹೊರಗಿನ ಕೊಂಡಿಗಳು ಎಲ್ಲವೂ ಅದರ ಜೊತೆಗೇ ಹೋಗುತ್ತವೆ.

ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಬರೆದು, ಕಳೆದ ಎರಡು ತಿಂಗಳಲ್ಲಿ ನೀವೇ ಮಾಡಿದ ಬದಲಾವಣೆಗಳನ್ನು ಪಟ್ಟಿ ಮಾಡಿ. ಹೊಸ ವಿಷಯಕ್ಕೆ ಹೊರಳಿದ್ದು, ಶಾರ್ಟ್ಸ್ ಎಂಬ ಕಿರುವಿಡಿಯೊಗಳನ್ನು ಆರಂಭಿಸಿದ್ದು, ವಿಡಿಯೊದ ಉದ್ದ ಹೆಚ್ಚಿಸಿದ್ದು, ಎರಡು ವಾರ ಏನನ್ನೂ ಹಾಕದೆ ಇದ್ದದ್ದು, ಎಲ್ಲವೂ ಅಲ್ಲಿರಲಿ. ಬಳಿಕ ಚಾನೆಲ್ಲಿನ ಅಂಕಿಅಂಶ ತೋರಿಸುವ ಅನಾಲಿಟಿಕ್ಸ್ ಪುಟದಲ್ಲಿ ಕಳೆದ 28 ದಿನಗಳನ್ನು ಅದರ ಹಿಂದಿನ 28 ದಿನಗಳಿಗೆ ಹೋಲಿಸುವುದರ ಜೊತೆಗೆ ಕಳೆದ ವರ್ಷದ ಅದೇ 28 ದಿನಗಳಿಗೂ ಹೋಲಿಸಿ. ಎರಡನೆಯ ಹೋಲಿಕೆ ಮುಖ್ಯವಾದದ್ದು, ಆದರೆ ಬಹಳ ಮಂದಿ ಮಾಡದೆ ಬಿಡುವುದೂ ಅದನ್ನೇ. ಜಾಹೀರಾತುದಾರರ ಖರ್ಚು ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಏರಿ ಜನವರಿಯಲ್ಲಿ ಇಳಿಯುವುದು ಪ್ರತಿವರ್ಷದ ರೂಢಿ. ಜನವರಿಯನ್ನು ಡಿಸೆಂಬರಿಗೆ ಹೋಲಿಸಿದವರಿಗೆ ವರ್ಷಕ್ಕೊಮ್ಮೆ ತಪ್ಪದೆ ಗಾಬರಿಯಾಗುತ್ತದೆ.

ದಿನದ ಲೆಕ್ಕವನ್ನು ಗಂಟೆಗೊಮ್ಮೆ ನೋಡುವ ಅಭ್ಯಾಸವಿದ್ದರೆ ಅದೂ ಈಗ ನಿಲ್ಲಲಿ. ಇತ್ತೀಚಿನ ದಿನಗಳ ವರಮಾನ ಅಂದಾಜು ಮಾತ್ರ, ಆಮೇಲೆ ತಿದ್ದುಪಡಿಯಾಗುತ್ತದೆ.

ಹಣ ಬರಲಿಲ್ಲವೋ, ದುಡಿಮೆಯೇ ಆಗಲಿಲ್ಲವೋ

ಮೊದಲ ಪರೀಕ್ಷೆ ತೀರ ಸರಳ. ಚಾನೆಲ್ ನಿರ್ವಹಿಸುವ ಯೂಟ್ಯೂಬ್ ಸ್ಟುಡಿಯೊದಲ್ಲಿ ಕಾಣುವ ಅಂದಾಜು ವರಮಾನವನ್ನು, ಹಣ ಪಾವತಿಸುವ ಗೂಗಲ್‌ನ ಆಡ್‌ಸೆನ್ಸ್ ಖಾತೆಯಲ್ಲಿ ಅಂತಿಮಗೊಂಡ ಮೊತ್ತದ ಜೊತೆಗೂ, ಅದನ್ನು ಬ್ಯಾಂಕಿಗೆ ಬಂದ ಮೊತ್ತದ ಜೊತೆಗೂ ಹೋಲಿಸಿ. ಸ್ಟುಡಿಯೊದ ಅಂಕಿ ಮೊದಲಿನಂತೆಯೇ ಇದ್ದು ಬ್ಯಾಂಕಿಗೆ ಬಂದದ್ದು ಮಾತ್ರ ಕಡಿಮೆಯಿದ್ದರೆ ವಿಡಿಯೊಗಳಲ್ಲಿ ಯಾವ ದೋಷವೂ ಇಲ್ಲ. ಕೊಳವೆ ಬೇರೆಲ್ಲೋ ಸೋರುತ್ತಿದೆ.

ಇಂಥ ಸೋರಿಕೆಯ ಜಾಗಗಳು ಬೆರಳೆಣಿಕೆಯಷ್ಟೇ. ಖಾತೆಯ ಬಾಕಿ 100 ಡಾಲರಿನ ಮಿತಿಯನ್ನು ಮುಟ್ಟದಿದ್ದರೆ ಹಣ ಮುಂದಿನ ತಿಂಗಳಿಗೆ ಹೋಗುತ್ತದೆ. ಪಾವತಿ ಸಾಮಾನ್ಯವಾಗಿ ತಿಂಗಳ 21ರಿಂದ 26ರ ನಡುವೆ ಹೊರಡುವುದರಿಂದ 20ನೆಯ ತಾರೀಖಿಗೆ ಖಾತೆ ನೋಡಿ ಕಂಗಾಲಾಗುವುದು ವ್ಯರ್ಥ. ಅಮಾನ್ಯ ವೀಕ್ಷಣೆ ಎಂದು ಪತ್ತೆಯಾದ ಭಾಗದ ಹಣವನ್ನು ಅಂತಿಮ ಲೆಕ್ಕದಲ್ಲಿ ಕಳೆಯಲಾಗುತ್ತದೆ. ಹಣ ಕೊಟ್ಟು ವೀಕ್ಷಣೆ ತರಿಸುವವರ ಮಾತಿಗೆ ಮರುಳಾದ ಚಾನೆಲ್ಲುಗಳಿಗೆ ಈ ಕಡಿತದ ಅನುಭವ ಚೆನ್ನಾಗಿಯೇ ಇರುತ್ತದೆ.

ಸುಲಭವಾಗಿ ಕಣ್ತಪ್ಪುವುದು ತೆರಿಗೆಯ ನಮೂನೆ. ಅಮೆರಿಕದ ಹೊರಗಿರುವ ತಯಾರಕರು ತೆರಿಗೆ ವಿವರ ಕೊಟ್ಟಿದ್ದರೆ ಅಮೆರಿಕದ ವೀಕ್ಷಕರಿಂದ ಬಂದ ಪಾಲಿಗೆ ಮಾತ್ರ ಅಲ್ಲಿನ ತೆರಿಗೆ ಅನ್ವಯಿಸುತ್ತದೆ. ವಿವರವನ್ನೇ ಕೊಡದಿದ್ದರೆ ಜಗತ್ತಿನೆಲ್ಲೆಡೆಯ ಗಳಿಕೆಯ ಮೇಲೆ ಶೇ. 24ರವರೆಗೆ ಮುರಿದುಕೊಳ್ಳಬಹುದು. ವ್ಯಕ್ತಿಗಳು ತುಂಬುವ ಡಬ್ಲ್ಯು-8ಬೆನ್ (W-8BEN) ಎಂಬ ಆ ತೆರಿಗೆ ನಮೂನೆಗೆ ಸಾಮಾನ್ಯವಾಗಿ ಸಹಿ ಹಾಕಿದ ವರ್ಷದ ನಂತರದ ಮೂರನೆಯ ವರ್ಷದ ಕೊನೆಯವರೆಗೆ ಮಾತ್ರ ಆಯುಸ್ಸು. ಒಮ್ಮೆ ತುಂಬಿದ್ದೇನಲ್ಲ ಎಂದು ನೆಮ್ಮದಿಯಾಗಿ ಕೂತವರ ಗಳಿಕೆ ಇದ್ದಕ್ಕಿದ್ದಂತೆ ಕಾಲುಭಾಗದಷ್ಟು ಇಳಿದರೆ ಮೊದಲು ನೋಡಬೇಕಾದ್ದು ಈ ಪುಟವನ್ನು.

ವಾಲ್ಯೂಮ್ ಕಂಟ್ರೋಲಿನ ಪರೀಕ್ಷೆ

ದುಡಿಮೆಯೇ ಇಳಿದಿದೆ ಎಂದು ಖಚಿತವಾದರೆ ಮುಂದಿನದು ದೋಷವನ್ನು ಎರಡು ಹೋಳಾಗಿಸುವ ಪರೀಕ್ಷೆ. ವರಮಾನವೆಂದರೆ ವೀಕ್ಷಣೆಗಳ ಸಂಖ್ಯೆಯನ್ನು ಸಾವಿರದಿಂದ ಭಾಗಿಸಿ, ಸಾವಿರ ವೀಕ್ಷಣೆಯ ದರದಿಂದ ಗುಣಿಸಿದ ಮೊತ್ತ. ಆ ದರವನ್ನೇ ಆರ್‌ಪಿಎಂ ಎನ್ನುತ್ತಾರೆ. ಇದನ್ನು ಸಿಪಿಎಂ ಜೊತೆ ಗೊಂದಲ ಮಾಡಿಕೊಳ್ಳಬಾರದು: ಸಿಪಿಎಂ ಎಂದರೆ ವೇದಿಕೆ ತನ್ನ ಪಾಲು ತೆಗೆದುಕೊಳ್ಳುವ ಮೊದಲು ಸಾವಿರ ಜಾಹೀರಾತು ಪ್ರದರ್ಶನಕ್ಕೆ ಜಾಹೀರಾತುದಾರ ಕೊಡುವ ಬೆಲೆ, ಆರ್‌ಪಿಎಂ ಎಂದರೆ ಜಾಹೀರಾತು, ಪ್ರೀಮಿಯಂ ಚಂದಾ, ಸದಸ್ಯತ್ವ ಎಲ್ಲವೂ ಸೇರಿ ಪ್ರತಿ ಸಾವಿರ ವೀಕ್ಷಣೆಗೆ ನಿಮ್ಮ ಕೈಗೆ ಸಿಗುವ ಮೊತ್ತ.

ಕಳೆದ ತಿಂಗಳು 2,00,000 ವೀಕ್ಷಣೆ, ಆರ್‌ಪಿಎಂ 1.50 ಡಾಲರ್ ಇದ್ದರೆ ವರಮಾನ 300 ಡಾಲರ್. ಈ ತಿಂಗಳು 1,90,000 ವೀಕ್ಷಣೆ, ಆರ್‌ಪಿಎಂ 0.95 ಡಾಲರ್ ಆಗಿದ್ದರೆ ವರಮಾನ ಸುಮಾರು 180 ಡಾಲರ್. ವರಮಾನ ಶೇ. 40ರಷ್ಟು ಬಿದ್ದಿದೆ, ವೀಕ್ಷಣೆ ಬಿದ್ದಿರುವುದು ಶೇ. 5 ಮಾತ್ರ. ಇಂಥ ತಿಂಗಳಲ್ಲಿ ಥಂಬ್‌ನೇಲ್ ಬದಲಿಸುತ್ತ ಕೂರುವುದೆಂದರೆ ಸ್ಪೀಕರಿನ ತಂತಿ ಕಿತ್ತುಹೋಗಿರುವಾಗ ಆಂಟೆನಾ ಎತ್ತರಿಸಿದಂತೆ.

ಈ ಭಾಗಾಕಾರದಲ್ಲಿ ಒಂದು ಮೋಸವೂ ಇದೆ. ಉದ್ದದ ವಿಡಿಯೊಗಳಿಗೆ 1,00,000 ವೀಕ್ಷಣೆ, ಆರ್‌ಪಿಎಂ 2 ಡಾಲರ್ ಇದ್ದ ಚಾನೆಲ್ಲಿನಲ್ಲಿ ಒಂದು ಶಾರ್ಟ್ಸ್ ಓಡಿ 4,00,000 ವೀಕ್ಷಣೆ ತಂದಿತು, ಅದರ ಆರ್‌ಪಿಎಂ 0.05 ಡಾಲರ್ ಎಂದಿಟ್ಟುಕೊಳ್ಳಿ. ವರಮಾನ 200ರಿಂದ 220 ಡಾಲರಿಗೆ ಏರಿದೆ. ಆದರೆ ಒಟ್ಟು ಆರ್‌ಪಿಎಂ 2ರಿಂದ 0.44ಕ್ಕೆ ಬಿದ್ದಂತೆ ತೋರುತ್ತದೆ. ಏನೂ ಕೆಟ್ಟಿಲ್ಲ, ಎರಡು ಬೇರೆ ಬೇರೆ ಸರಕನ್ನು ಒಂದೇ ತಕ್ಕಡಿಯಲ್ಲಿ ತೂಗಿದ್ದಾಗಿದೆ, ಅಷ್ಟೇ. ಆದ್ದರಿಂದ ಉದ್ದದ ವಿಡಿಯೊ, ಶಾರ್ಟ್ಸ್, ಲೈವ್ ಮೂರನ್ನೂ ಬೇರೆ ಬೇರೆಯಾಗಿಯೇ ಲೆಕ್ಕ ಹಾಕಬೇಕು.

ದರ ಇಳಿದಿದ್ದರೆ

ಋತುಮಾನದ ಇಳಿಕೆಯನ್ನು ಕಳೆದ ವರ್ಷದ ಹೋಲಿಕೆಯಿಂದ ಆಗಲೇ ಬದಿಗಿಟ್ಟಿದ್ದೀರಿ. ಮುಂದೆ ನೋಡಬೇಕಾದ್ದು ವೀಕ್ಷಕರ ದೇಶವಾರು ಹಂಚಿಕೆಯನ್ನು. ಜಾಹೀರಾತಿನ ಬೆಲೆ ದೇಶದಿಂದ ದೇಶಕ್ಕೆ ಬಹಳ ಬದಲಾಗುತ್ತದೆ. ಒಂದು ವಿಡಿಯೊ ಹೊಸ ಪ್ರದೇಶದಲ್ಲಿ ಹರಡಿಕೊಂಡರೆ ವೀಕ್ಷಣೆ ಏರುತ್ತಲೇ ಸರಾಸರಿ ದರ ಇಳಿಯಬಹುದು. ಇದು ದೋಷವಲ್ಲ, ಸರಿಪಡಿಸಬೇಕಾದ್ದೂ ಏನಿಲ್ಲ.

ಅದೂ ಅಲ್ಲವಾದರೆ ವಿಡಿಯೊ ಪಟ್ಟಿಯಲ್ಲಿ ಪ್ರತಿ ವಿಡಿಯೊದ ಎದುರಿಗಿರುವ ಹಣಗಳಿಕೆಯ ಚಿಹ್ನೆಯನ್ನು ಗಮನಿಸಿ. ಹಸಿರು ಡಾಲರ್ ಗುರುತು ಹಳದಿಗೆ ತಿರುಗಿದ್ದರೆ ಜಾಹೀರಾತು ಸೀಮಿತವಾಗಿದೆ ಎಂದು ಅರ್ಥ. ದೊಡ್ಡ ಜಾಹೀರಾತುದಾರರು ತಮ್ಮ ಜಾಹೀರಾತು ಆಕ್ಷೇಪಾರ್ಹ ವಿಡಿಯೊಗಳ ಪಕ್ಕದಲ್ಲಿ ಕಾಣಿಸುತ್ತಿದೆ ಎಂದು 2017ರಲ್ಲಿ ಯೂಟ್ಯೂಬಿನಿಂದ ಹಿಂದೆ ಸರಿದ ಮೇಲೆ ಈ ವರ್ಗೀಕರಣ ಬಿಗಿಯಾಯಿತು. ಮೊದಲ ತೀರ್ಪು ಯಂತ್ರದ್ದು; ಅದು ತಪ್ಪುವುದೂ ಉಂಟು. ಮಾನವ ಪರಿಶೀಲನೆಗೆ ಮನವಿ ಸಲ್ಲಿಸುವ ಅವಕಾಶವಿದೆ, ವಿಡಿಯೊ ನಿಯಮಕ್ಕೆ ಅನುಗುಣವಾಗಿಯೇ ಇದೆ ಎಂಬ ನಂಬಿಕೆಯಿದ್ದರೆ ಹಿಂಜರಿಯದೆ ಬಳಸಿಕೊಳ್ಳಿ. ಆದರೆ ಮನವಿಯ ಉತ್ತರ ಬರುವ ಹೊತ್ತಿಗೆ ವಿಡಿಯೊದ ಮೊದಲ ದಿನಗಳ ವೀಕ್ಷಣೆಯೆಲ್ಲ ಕಡಿಮೆ ದರದಲ್ಲೇ ಕಳೆದುಹೋಗಿರುತ್ತದೆ. ವಿಡಿಯೊವನ್ನು ಮೊದಲು ಸಾರ್ವಜನಿಕಗೊಳಿಸದೆ ಹಾಕಿ, ತಪಾಸಣೆ ಮುಗಿದು ಹಸಿರು ಗುರುತು ಬಂದ ಮೇಲೆ ಪ್ರಕಟಿಸುವುದೇ ಇದಕ್ಕಿರುವ ಮುಂಜಾಗ್ರತೆ. ಒಂದು ದಿನ ತಡವಾದರೂ ಚಿಂತೆಯಿಲ್ಲ.

ಇನ್ನೊಂದು ದೋಷವನ್ನು ಕಮೆಂಟುಗಳೇ ತೋರಿಸಿಕೊಡುತ್ತವೆ. ಒಂದು ವಿಡಿಯೊದಲ್ಲಿ ಕಮೆಂಟು ಹಾಕುವ ಜಾಗವೇ ಮುಚ್ಚಿಹೋಗಿದ್ದು ದರವೂ ಬಿದ್ದಿದ್ದರೆ ಅದು ಮಕ್ಕಳಿಗಾಗಿ ಮಾಡಿದ ವಿಡಿಯೊ ಎಂದು ಗುರುತಾಗಿರುವ ಸಾಧ್ಯತೆ ಹೆಚ್ಚು. ಮಕ್ಕಳ ಮಾಹಿತಿ ಸಂಗ್ರಹಿಸಿದ ಪ್ರಕರಣದಲ್ಲಿ ಗೂಗಲ್ ಮತ್ತು ಯೂಟ್ಯೂಬ್ 2019ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ 170 ಮಿಲಿಯನ್ ಡಾಲರ್ ತೆರಲು ಒಪ್ಪಿದ ಬಳಿಕ, 2020ರ ಜನವರಿಯಿಂದ ಇಂಥ ವಿಡಿಯೊಗಳಲ್ಲಿ ವೈಯಕ್ತಿಕ ಅಭಿರುಚಿಯನ್ನು ಆಧರಿಸಿದ ಜಾಹೀರಾತುಗಳನ್ನೂ ಕಮೆಂಟುಗಳನ್ನೂ ನಿಲ್ಲಿಸಲಾಯಿತು. ಆಟಿಕೆ ರೇಡಿಯೊ ಒಂದನ್ನು ಬಿಚ್ಚಿ ತೋರಿಸಿದ ವಿಡಿಯೊಗೆ ನಾನೇ ಅವಸರದಲ್ಲಿ ತಪ್ಪು ಆಯ್ಕೆ ಒತ್ತಿದ್ದೆ. ನಾಲ್ಕು ತಿಂಗಳ ನಂತರ, ಕಮೆಂಟು ಹಾಕಲಾಗುತ್ತಿಲ್ಲ ಎಂದು ವೀಕ್ಷಕರೊಬ್ಬರು ಇಮೇಲ್ ಕಳುಹಿಸಿದ ಮೇಲೆ ಗೊತ್ತಾಯಿತು. ವಿಡಿಯೊ ನಿಜಕ್ಕೂ ಮಕ್ಕಳಿಗಾಗಿಯೇ ಇದ್ದರೆ ಗುರುತನ್ನು ತೆಗೆಯುವಂತಿಲ್ಲ, ಅದು ಕಾನೂನಿನ ವಿಷಯ.

ಒಂದೇ ವಿಡಿಯೊದ ಗಳಿಕೆ ಪೂರ್ತಿ ಸೊನ್ನೆಯಾಗಿದ್ದರೆ ಕಾಪಿರೈಟ್ ಕ್ಲೇಮ್ (ವಿಡಿಯೊದಲ್ಲಿರುವ ಸಂಗೀತವೋ ದೃಶ್ಯವೋ ತಮ್ಮದೆಂದು ಬೇರೆಯವರು ಹಕ್ಕು ಸಾಧಿಸುವುದು) ಬಂದಿದೆಯೇ ನೋಡಿ. ಕ್ಲೇಮ್ ಮತ್ತು ಸ್ಟ್ರೈಕ್ ಒಂದೇ ಅಲ್ಲ: ಕ್ಲೇಮ್ ಆ ವಿಡಿಯೊದ ಹಣವನ್ನು ಬೇರೆಡೆಗೆ ತಿರುಗಿಸುತ್ತದೆ, ಸ್ಟ್ರೈಕ್ ಚಾನೆಲ್ಲಿನ ಬುಡಕ್ಕೇ ಬರುತ್ತದೆ. ಕ್ಲೇಮ್ ತಪ್ಪೆನಿಸಿದರೆ 5 ದಿನಗಳೊಳಗೆ ಆಕ್ಷೇಪ ಸಲ್ಲಿಸಿ. ಹಾಗೆ ಮಾಡಿದಲ್ಲಿ ಕ್ಲೇಮ್ ಬಿದ್ದ ಮೊದಲ ದಿನದಿಂದಲೇ ಹಣವನ್ನು ತಡೆದಿಟ್ಟು, ತೀರ್ಮಾನ ಯಾರ ಪರವಾಗಿ ಆಗುತ್ತದೋ ಅವರಿಗೆ ಕೊಡುತ್ತಾರೆ. ತಡಮಾಡಿದರೆ ಆಕ್ಷೇಪ ಸಲ್ಲಿಸಿದ ದಿನದಿಂದ ಮಾತ್ರ ತಡೆದಿಡುತ್ತಾರೆ. ಉತ್ತರಿಸಲು ಎದುರಿನವರಿಗೆ 30 ದಿನಗಳ ಕಾಲಾವಕಾಶ ಇರುವುದರಿಂದ ಆ ತಿಂಗಳ ಖರ್ಚಿಗೆ ಆ ಹಣವನ್ನು ನೆಚ್ಚಿಕೊಳ್ಳುವಂತಿಲ್ಲ.

ವಿಡಿಯೊ ನಡುವೆ ಜಾಹೀರಾತು ಹಾಕಲು ಅದು ಕನಿಷ್ಠ 8 ನಿಮಿಷ ಇರಬೇಕು. 2020ರ ಜುಲೈವರೆಗೆ ಈ ಮಿತಿ 10 ನಿಮಿಷವಿತ್ತು. ನಿಮ್ಮ ಈಚಿನ ವಿಡಿಯೊಗಳೆಲ್ಲ ಏಳೂವರೆ ನಿಮಿಷಕ್ಕೆ ಮುಗಿಯುತ್ತಿದ್ದರೆ ದರ ಇಳಿದ ಕಾರಣ ಅದೇ ಇರಬಹುದು. ಹಾಗೆಂದು ಎಳೆದು ಎಂಟು ನಿಮಿಷ ಮಾಡುವುದನ್ನು ನಾನು ಒಪ್ಪುವುದಿಲ್ಲ. ಆ ಅರ್ಧ ನಿಮಿಷದಲ್ಲಿ ಎದ್ದುಹೋಗುವ ವೀಕ್ಷಕರ ಬೆಲೆ ಜಾಹೀರಾತಿಗಿಂತ ಹೆಚ್ಚು.

ಶಾರ್ಟ್ಸ್ ದರದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. 2023ರ ಫೆಬ್ರವರಿಯಿಂದ ಅಲ್ಲಿ ಜಾಹೀರಾತು ಹಣ ಒಂದೇ ರಾಶಿಗೆ ಬಿದ್ದು, ವೀಕ್ಷಣೆಗೆ ತಕ್ಕಂತೆ ಹಂಚಿಕೆಯಾದ ಪಾಲಿನಲ್ಲಿ ತಯಾರಕರಿಗೆ ಶೇ. 45 ಸಿಗುತ್ತದೆ. ಉದ್ದದ ವಿಡಿಯೊ ಪುಟದ ಜಾಹೀರಾತಿನಲ್ಲಿ ಸಿಗುವುದು ಶೇ. 55. ರಾಶಿ ದೊಡ್ಡದಾಗುವುದೋ ಚಿಕ್ಕದಾಗುವುದೋ ನಮ್ಮ ಕೈಯಲ್ಲಿಲ್ಲ.

ವೀಕ್ಷಣೆ ಇಳಿದಿದ್ದರೆ

ಇದು ಹುಡುಕಾಟದ ಕಷ್ಟದ ಭಾಗ. ಒಟ್ಟು ಸಂಖ್ಯೆಯನ್ನು ನೋಡಿಕೊಂಡು ಕುಳಿತರೆ ಏನೂ ತಿಳಿಯದು. ಮೊದಲು ಇಳಿಕೆ ಎಲ್ಲ ವಿಡಿಯೊಗಳಲ್ಲೂ ಆಗಿದೆಯೋ ಒಂದೆರಡರಲ್ಲಿ ಮಾತ್ರವೋ ಎಂದು ವಿಂಗಡಿಸಿ. ಕಳೆದ ತಿಂಗಳು ಅತಿ ಹೆಚ್ಚು ವೀಕ್ಷಣೆ ತಂದ ವಿಡಿಯೊ ಒಂದನ್ನು ಎರಡೂ ತಿಂಗಳ ಲೆಕ್ಕದಿಂದ ತೆಗೆದುಹಾಕಿ ಮತ್ತೆ ಹೋಲಿಸಿ. ಉಳಿದದ್ದು ಸಮವಾಗಿ ನಿಂತರೆ ನಿಮ್ಮ ಚಾನೆಲ್ ಇಳಿದಿಲ್ಲ. ಒಂದು ವಿಡಿಯೊ ಅದನ್ನು ತಾತ್ಕಾಲಿಕವಾಗಿ ಎತ್ತಿ ಹಿಡಿದಿತ್ತು, ಈಗ ಕೆಳಗಿಳಿಸಿದೆ. ಏರಿದ್ದ ತಿಂಗಳಿನ ವರಮಾನವನ್ನೇ ಸಹಜವೆಂದು ಬಗೆದು ಖರ್ಚು ಹೆಚ್ಚಿಸಿಕೊಂಡಿದ್ದರೆ ಮಾತ್ರ ಅದು ಕುಸಿತದಂತೆ ಕಾಣುತ್ತದೆ.

ಇಳಿಕೆ ಎಲ್ಲ ಕಡೆಯಿದ್ದರೆ ವೀಕ್ಷಕರು ಬರುವ ದಾರಿಗಳ ಪಟ್ಟಿಯನ್ನು ತೆರೆಯಿರಿ. ಮುಖಪುಟ, ಇನ್ನೊಂದು ವಿಡಿಯೊದ ಪಕ್ಕದ ಸಲಹೆ, ಹುಡುಕಾಟ, ಹೊರಗಿನ ಕೊಂಡಿ ಎಂಬ ನಾಲ್ಕು ಮುಖ್ಯ ದಾರಿಗಳಿಗೂ ರೋಗಲಕ್ಷಣ ಬೇರೆ ಬೇರೆ. ಹುಡುಕಾಟದಿಂದ ಬರುವವರು ಕಡಿಮೆಯಾದರೆ ಜನ ಆ ವಿಷಯವನ್ನು ಹುಡುಕುವುದೇ ಕಡಿಮೆಯಾಗಿದೆ, ಇಲ್ಲವೇ ಅದೇ ಪ್ರಶ್ನೆಗೆ ನಿಮಗಿಂತ ಚೆನ್ನಾಗಿ ಉತ್ತರಿಸಿದ ವಿಡಿಯೊ ಬಂದಿದೆ. ನೀವೇ ಆ ಪದಗಳನ್ನು ಹಾಕಿ ಹುಡುಕಿ, ಮೇಲೆ ಬಂದ ಮೂರು ವಿಡಿಯೊಗಳನ್ನು ಪೂರ್ತಿ ನೋಡಿದರೆ ಉತ್ತರ ಸಿಗುತ್ತದೆ. ಅಹಂಕಾರಕ್ಕೆ ಸ್ವಲ್ಪ ಪೆಟ್ಟು ಬೀಳಬಹುದು. ಪಕ್ಕದ ಸಲಹೆಗಳಿಂದ ಬರುವವರು ಕಡಿಮೆಯಾಗಿದ್ದರೆ ನೀವು ಇನ್ನೊಬ್ಬರ ಜನಪ್ರಿಯ ವಿಡಿಯೊದ ನೆರಳಿನಲ್ಲಿ ಇದ್ದಿರಿ, ಆ ವಿಡಿಯೊ ಈಗ ತಣ್ಣಗಾಗಿದೆ ಎನ್ನಬಹುದು. ಮುಖಪುಟದಿಂದ ಬರುವವರು ಇಳಿದಿದ್ದರೆ ಮರಳಿ ಬರುವ ವೀಕ್ಷಕರ ಸಂಖ್ಯೆಯನ್ನೂ ಜೊತೆಗೇ ನೋಡಿ. ಹಳಬರೇ ಬರುವುದನ್ನು ನಿಲ್ಲಿಸಿದ್ದರೆ ಈಚಿನ ವಿಡಿಯೊಗಳ ವಿಷಯದಲ್ಲೋ ಧಾಟಿಯಲ್ಲೋ ಏನೋ ತಪ್ಪಿದೆ.

ಆಮೇಲೆ ಇಂಪ್ರೆಷನ್ ಮತ್ತು ಕ್ಲಿಕ್ ದರ. ವೇದಿಕೆ ನಿಮ್ಮ ಥಂಬ್‌ನೇಲನ್ನು ಎಷ್ಟು ಸಲ ಜನರ ಕಣ್ಣಿಗೆ ಹಾಕಿತು ಎಂಬುದು ಇಂಪ್ರೆಷನ್, ಅದರಲ್ಲಿ ಎಷ್ಟು ಮಂದಿ ಒತ್ತಿದರು ಎಂಬುದು ಕ್ಲಿಕ್ ದರ. ಅರ್ಧದಷ್ಟು ಚಾನೆಲ್‌ಗಳ ಮತ್ತು ವಿಡಿಯೊಗಳ ಕ್ಲಿಕ್ ದರ ಶೇ. 2ರಿಂದ 10ರ ನಡುವೆ ಇರುತ್ತದೆ ಎಂದು ಯೂಟ್ಯೂಬ್ ಹೇಳುತ್ತದೆ, ಆದ್ದರಿಂದ ಶೇ. 4 ಕಂಡ ಕೂಡಲೇ ಹೌಹಾರಬೇಕಾಗಿಲ್ಲ. ಇಂಪ್ರೆಷನ್ ಏರಿ ಕ್ಲಿಕ್ ದರ ಇಳಿದಿದ್ದರೆ ಅದು ಆರೋಗ್ಯದ ಲಕ್ಷಣ: ನಿಮ್ಮನ್ನು ಬಲ್ಲವರ ವಲಯದಾಚೆಗೂ ವಿಡಿಯೊವನ್ನು ತೋರಿಸುತ್ತಿದ್ದಾರೆ, ಅಪರಿಚಿತರು ಕಡಿಮೆ ಒತ್ತುವುದು ಸಹಜ. ಇಂಪ್ರೆಷನ್ ಸ್ಥಿರವಾಗಿದ್ದು ಕ್ಲಿಕ್ ದರ ಮಾತ್ರ ಇಳಿದಿದ್ದರೆ ಆಗ, ಆಗ ಮಾತ್ರ, ಥಂಬ್‌ನೇಲ್ ಮತ್ತು ಶೀರ್ಷಿಕೆಯ ಕಡೆಗೆ ಕೈ ಹಾಕಿ.

ಕ್ಲಿಕ್ ದರ ಸರಿಯಿದ್ದು ಇಂಪ್ರೆಷನ್ ನಿಧಾನವಾಗಿ ಕರಗುತ್ತಿದ್ದರೆ ಒತ್ತಿ ಒಳಗೆ ಬಂದವರು ಎಷ್ಟು ಹೊತ್ತು ಉಳಿದರು ಎಂದು ನೋಡಬೇಕು. ಯೂಟ್ಯೂಬ್ 2012ರಲ್ಲೇ ಬರೀ ಕ್ಲಿಕ್ಕಿನ ಎಣಿಕೆಯನ್ನು ಬಿಟ್ಟು ನೋಡಿದ ಸಮಯಕ್ಕೆ ತೂಕ ಕೊಡತೊಡಗಿತು. 2016ರಲ್ಲಿ ಗೂಗಲ್ ಎಂಜಿನಿಯರುಗಳು ಪ್ರಕಟಿಸಿದ ಪ್ರಬಂಧದಲ್ಲಿ ಈ ಶಿಫಾರಸು ಎರಡು ಹಂತಗಳಲ್ಲಿ ನಡೆಯುವುದನ್ನು ವಿವರಿಸಲಾಗಿದೆ: ಅಪಾರ ವಿಡಿಯೊಗಳಿಂದ ಕೆಲವು ನೂರನ್ನು ಆರಿಸುವುದು ಮೊದಲನೆಯದು, ಆ ವ್ಯಕ್ತಿ ಯಾವುದನ್ನು ಎಷ್ಟು ಹೊತ್ತು ನೋಡಬಹುದೆಂದು ಊಹಿಸಿ ಅವುಗಳನ್ನು ಸಾಲಾಗಿ ಜೋಡಿಸುವುದು ಎರಡನೆಯದು. ಆಮೇಲೆ ವ್ಯವಸ್ಥೆ ಬಹಳ ಬೆಳೆದಿದೆ. ಆದರೂ ವಿಡಿಯೊಗೆ ಒಳ್ಳೆಯದು ಕೆಟ್ಟದ್ದು ಎಂದು ಅಂಕ ಹಾಕುವುದಕ್ಕಿಂತ ಎದುರಿಗಿರುವ ವೀಕ್ಷಕನಿಗೆ ಏನು ಬೇಕೆಂದು ಊಹಿಸುವುದೇ ಅದರ ಕೆಲಸ ಎಂಬುದನ್ನು ನೆನಪಿಟ್ಟರೆ ಅನೇಕ ಒಗಟುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ನೋಡುಗರು ಉಳಿದ ಪ್ರಮಾಣದ ಗೆರೆಯನ್ನು ಓದುವುದು ಹೀಗೆ. ಆರಂಭದಲ್ಲಿ ಗೆರೆ ಕಡಿದಾಗಿ ಇಳಿಯುವುದು ಎಲ್ಲ ವಿಡಿಯೊಗಳಲ್ಲೂ ಇದ್ದದ್ದೇ. ಇಳಿತ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಬೇಕು. ನನ್ನ ಆರು ವಿಡಿಯೊಗಳ ಗೆರೆಯನ್ನು ಒಂದರ ಪಕ್ಕ ಒಂದು ಇಟ್ಟಾಗ ಹಳೆಯ ಮೂರರಲ್ಲಿ ಇಳಿತ ಹತ್ತನೆಯ ಸೆಕೆಂಡಿನ ಹೊತ್ತಿಗೆ ನಿಂತಿತ್ತು, ಹೊಸ ಮೂರರಲ್ಲಿ ಮೂವತ್ತೊಂದನೆಯ ಸೆಕೆಂಡಿನವರೆಗೂ ಜಾರುತ್ತಲೇ ಇತ್ತು. ಹೊಸದಾಗಿ ಸೇರಿದ್ದು ಬಹಳ ಆಸೆಪಟ್ಟು ಮಾಡಿಸಿದ ಶೀರ್ಷಿಕೆ ಸಂಗೀತ: ತಿರುಗುವ ಅಕ್ಷರಗಳು, ಬೆಳಗುವ ವಾಲ್ವುಗಳು, ಒಟ್ಟು ಇಪ್ಪತ್ತೆರಡು ಸೆಕೆಂಡು. ಕೆಟ್ಟ ರೇಡಿಯೊ ಮುಂದಿಟ್ಟುಕೊಂಡು ಕೂತವರಿಗೆ ಅದು ಬೇಕಿರಲಿಲ್ಲ. ಕತ್ತರಿಸಿ ಹಾಕಿದ ಮುಂದಿನ ವಿಡಿಯೊದಲ್ಲಿ ಗೆರೆ ಹಳೆಯ ಜಾಗಕ್ಕೆ ಮರಳಿತು.

ಹನ್ನೊಂದು ಥಂಬ್‌ನೇಲ್‌ಗಳ ಪ್ರಕರಣ

ಆ ರಾತ್ರಿಯ ಕಥೆಗೆ ಬರುತ್ತೇನೆ. ಎರಡು ವಾರ ಕಾದ ಮೇಲೂ ಏನೂ ಸುಧಾರಿಸದಿದ್ದಾಗ ಕೊನೆಗೆ ದಾರಿಗಳ ಪಟ್ಟಿ ತೆರೆದೆ. ಮುಖಪುಟ, ಸಲಹೆ, ಹುಡುಕಾಟ ಮೂರೂ ಕುಸಿತದ ದಿನದವರೆಗೆ ನೆಟ್ಟಗಿದ್ದವು. ಹೊರಗಿನ ಕೊಂಡಿಗಳಿಂದ ಬರುವವರ ಗೆರೆ ಮಾತ್ರ ಒಂದೇ ವಾರದಲ್ಲಿ ನೆಲ ಕಚ್ಚಿತ್ತು. ಮಲ್ಟಿಮೀಟರಿನಿಂದ ಕೆಪಾಸಿಟರ್ ಪರೀಕ್ಷಿಸುವ ನನ್ನ ಹಳೆಯ ವಿಡಿಯೊ ಒಂದಕ್ಕೆ ತಾಂತ್ರಿಕ ತರಬೇತಿಯ ಪಾಠಪುಟವೊಂದರಲ್ಲಿ ಕೊಂಡಿಯಿತ್ತು. ವಿದ್ಯಾರ್ಥಿಗಳು ಅಲ್ಲಿಂದ ಬಂದು ಅದನ್ನು ನೋಡಿ, ಹಿಂದೆಯೇ ಇನ್ನೆರಡು ನೋಡುತ್ತಿದ್ದರು. ಆ ಅವಧಿಯ ತರಗತಿ ಮುಗಿದಿತ್ತು, ಅಷ್ಟೇ. ಮುಂದಿನ ತಂಡ ಸೇರಿದಾಗ ಗೆರೆ ತಾನಾಗಿಯೇ ಮೇಲೆದ್ದಿತು.

ಅಷ್ಟರಲ್ಲಿ ಹೊಸ ಥಂಬ್‌ನೇಲ್ ಹಾಕಿದ ಹನ್ನೊಂದರಲ್ಲಿ ನಾಲ್ಕು ವಿಡಿಯೊಗಳ ಕ್ಲಿಕ್ ದರ ಇಳಿದಿತ್ತು. ಹಳೆಯ ಚಿತ್ರಗಳನ್ನು ಉಳಿಸಿಟ್ಟುಕೊಂಡಿರಲಿಲ್ಲ. ಒಂದೇ ಸಲಕ್ಕೆ ಹನ್ನೊಂದು ಬಿಡಿಭಾಗ ಬದಲಿಸಿದ ರಿಪೇರಿಯವನ ಪಾಡು ನನ್ನದಾಗಿತ್ತು: ಇದ್ದ ದೋಷ ಯಾವುದು, ನಾನೇ ಸೇರಿಸಿದ ದೋಷ ಯಾವುದು ಎಂದು ಬೇರ್ಪಡಿಸಲು ಇನ್ನೂ ಆರು ವಾರ ಹಿಡಿಯಿತು. ಈಗ ಥಂಬ್‌ನೇಲ್ ಬದಲಿಸಬೇಕಾದರೆ ಹಳೆಯದನ್ನು ಉಳಿಸಿ, ಒಂದು ವಿಡಿಯೊಗೆ ಮಾತ್ರ ಬದಲಿಸಿ, ದಿನಾಂಕ ಬರೆದಿಟ್ಟು ಎರಡು ವಾರ ಕಾಯುತ್ತೇನೆ. ಒಂದೇ ವಿಡಿಯೊಗೆ ಮೂರು ಥಂಬ್‌ನೇಲ್‌ಗಳನ್ನು ಹೋಲಿಸಿ ನೋಡುವ ಸೌಲಭ್ಯ ಸ್ಟುಡಿಯೊದಲ್ಲಿಯೇ ಇದೆ, ಕೈಯಿಂದ ಬದಲಿಸುವುದಕ್ಕಿಂತ ಅದು ಮೇಲು.

ನಿಜವಾಗಿಯೂ ಅಲ್ಗಾರಿದಮ್ಮೇ ಆಗಿದ್ದರೆ

ಹಾಗೂ ಆಗುತ್ತದೆ. ಲಕ್ಷಣಗಳು ಹೀಗಿರುತ್ತವೆ: ಕ್ಲಿಕ್ ದರವೂ ನೋಡುವ ಅವಧಿಯೂ ಮೊದಲಿನಂತೆಯೇ ಇವೆ, ಹಳೆಯದು ಹೊಸದು ಎನ್ನದೆ ಎಲ್ಲ ವಿಡಿಯೊಗಳ ಇಂಪ್ರೆಷನ್ ಒಂದೇ ದಾರಿಯಲ್ಲಿ, ಹೆಚ್ಚುಕಡಿಮೆ ಒಂದೇ ದಿನ ಬಿದ್ದಿದೆ, ಅದೇ ಬಗೆಯ ವಿಡಿಯೊ ಮಾಡುವ ಬೇರೆಯವರ ಗೆರೆಯೂ ಅದೇ ದಿನ ಮುರಿದಿದೆ. ಮೂರೂ ಕೂಡಿದರೆ ಮಾತ್ರ ಆ ತೀರ್ಮಾನ. ಪರಸ್ಪರ ಅಂಕಿ ತೋರಿಸಿಕೊಳ್ಳುವಷ್ಟು ವಿಶ್ವಾಸವಿರುವ ಮೂರ್ನಾಲ್ಕು ಮಂದಿ ಸಮಾನ ತಯಾರಕರು ಇದ್ದರೆ ಈ ಪರೀಕ್ಷೆ ಹತ್ತು ನಿಮಿಷದ ಕೆಲಸ, ಇಲ್ಲದಿದ್ದರೆ ಅಸಾಧ್ಯ.

ಇಲ್ಲಿಯೂ ಮೊದಲು ಅಳತೆಗೋಲು ಬದಲಾಗಿದೆಯೇ ಎಂದು ನೋಡಬೇಕು. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಆರಂಭವಾದ ಅಥವಾ ಮರುಆರಂಭವಾದ ಪ್ರತಿ ಸಲವೂ ಒಂದು ವೀಕ್ಷಣೆಯೆಂದು ಎಣಿಕೆಯಾಗತೊಡಗಿತು. ಗಳಿಕೆಯ ಲೆಕ್ಕ ಮಾತ್ರ ಹಳೆಯ ರೀತಿಯ ಎಣಿಕೆಯಲ್ಲೇ ಉಳಿಯಿತು. ಆ ದಿನಾಂಕದ ಆಚೆ ಈಚೆಗಿನ ಅಂಕಿಗಳನ್ನು ಹೋಲಿಸಿ ಹಿಗ್ಗಿದವರೂ ಕುಗ್ಗಿದವರೂ ತಪ್ಪು ತಕ್ಕಡಿಯನ್ನು ನಂಬಿದವರೇ.

ಬದಲಾವಣೆ ನಿಜವೆಂದು ಸಿದ್ಧವಾದರೆ ದುರಸ್ತಿ ಮಾಡಲು ಹೋಗಬೇಡಿ, ಏಕೆಂದರೆ ನಿಮ್ಮ ಕಡೆ ಏನೂ ಕೆಟ್ಟಿಲ್ಲ. ಎಂದಿನ ವೇಗದಲ್ಲಿ ಕೆಲಸ ಮುಂದುವರಿಸುತ್ತ 28 ದಿನಗಳ ಎರಡು ಸುತ್ತು ಕಾಯಿರಿ. ಪೂರ್ತಿ ಕೈಚೆಲ್ಲಿ ಕೂರುವುದೂ ಬೇಡ. ಆರು ತಿಂಗಳು ಅಥವಾ ಹೆಚ್ಚು ಕಾಲ ಏನನ್ನೂ ಹಾಕದ ಚಾನೆಲ್ಲಿನ ಹಣಗಳಿಕೆಯನ್ನು ಹಿಂತೆಗೆದುಕೊಳ್ಳುವ ಹಕ್ಕನ್ನು ಯೂಟ್ಯೂಬ್ ಇಟ್ಟುಕೊಂಡಿದೆ.

ದುರಸ್ತಿ ಚಾನೆಲ್ಲಿಗಲ್ಲ, ಲೆಕ್ಕದ ಪುಸ್ತಕಕ್ಕೆ

ಎರಡು ಸುತ್ತು ಕಾಯಬೇಕೆಂದರೆ ಎರಡು ತಿಂಗಳ ಮನೆಖರ್ಚು ಕೈಯಲ್ಲಿರಬೇಕು. ಗಾಬರಿಯಲ್ಲಿ ಮಾಡುವ ತಪ್ಪುಗಳೆಲ್ಲ ಹುಟ್ಟುವುದು ಅದಿಲ್ಲದಿರುವುದರಿಂದಲೇ. ಆ ರಾತ್ರಿ ನನ್ನನ್ನು ಎಬ್ಬಿಸಿ ಕೂರಿಸಿದ್ದು ಅಲ್ಗಾರಿದಮ್ ಅಲ್ಲ, ಮುಂದಿನ ವಾರ ಕಟ್ಟಬೇಕಾಗಿದ್ದ ಕಂತು. ಆದ್ದರಿಂದ ವೇದಿಕೆಯ ಹಣವನ್ನು ನೇರವಾಗಿ ಖರ್ಚಿನ ಖಾತೆಗೆ ಬಿಡದೆ ಬೇರೊಂದು ಖಾತೆಯಲ್ಲಿ ಇಳಿಸಿ, ಅಲ್ಲಿಂದ ತಿಂಗಳಿಗೊಮ್ಮೆ ಗೊತ್ತಾದ ಮೊತ್ತವನ್ನು ಸಂಬಳದಂತೆ ತೆಗೆದುಕೊಳ್ಳುವುದು ಲೇಸು. ಆ ಮೊತ್ತವನ್ನು ಕಳೆದ ಹನ್ನೆರಡು ತಿಂಗಳ ಸರಾಸರಿಯಿಂದ ನಿಗದಿಮಾಡುವವರಿದ್ದಾರೆ. ನಾನು ಅದೇ ಹನ್ನೆರಡರಲ್ಲಿ ಅತಿ ಕಡಿಮೆ ಬಂದ ಮೂರು ತಿಂಗಳ ಸರಾಸರಿಯನ್ನು ಹಿಡಿಯುತ್ತೇನೆ. ತೆರಿಗೆಯ ಪಾಲನ್ನು ಹಣ ಬಂದ ದಿನವೇ ಬೇರ್ಪಡಿಸಬೇಕು, ಇಲ್ಲದಿದ್ದರೆ ಒಳ್ಳೆಯ ವರ್ಷದ ತೆರಿಗೆ ಕೆಟ್ಟ ವರ್ಷದಲ್ಲಿ ಕಟ್ಟಬೇಕಾಗಿ ಬರುತ್ತದೆ.

ಒಂದೇ ಮೂಲದಿಂದ ಅರ್ಧಕ್ಕಿಂತ ಹೆಚ್ಚು ವರಮಾನ ಬರುತ್ತಿದ್ದರೆ ಅದನ್ನೂ ದೋಷಗಳ ಪಟ್ಟಿಯಲ್ಲಿ ಸೇರಿಸಿ. ವೈನ್ ಎಂಬ ಕಿರುವಿಡಿಯೊ ವೇದಿಕೆ 2017ರ ಜನವರಿಯಲ್ಲಿ ಬಾಗಿಲು ಹಾಕಿದಾಗ ಅಲ್ಲಿ ಲಕ್ಷಾಂತರ ಅನುಯಾಯಿಗಳಿದ್ದವರು ಬೇರೆಡೆ ಮೊದಲಿನಿಂದ ಶುರುಮಾಡಬೇಕಾಯಿತು. ಯೂಟ್ಯೂಬಿನ ಜಾಹೀರಾತು ಹಣ ಸಾಲದೆ ಬೇಸತ್ತ ಸಂಗೀತಗಾರ ಜ್ಯಾಕ್ ಕಾಂಟೆ, ಸ್ಯಾಮ್ ಯಾಮ್ ಜೊತೆಗೂಡಿ 2013ರಲ್ಲಿ ಅಭಿಮಾನಿಗಳೇ ನೇರವಾಗಿ ಹಣ ಕೊಡುವ ಪೇಟ್ರಿಯಾನ್ ವೇದಿಕೆ ಆರಂಭಿಸಿದ್ದೂ ಇದೇ ದೋಷಕ್ಕೆ ಪರಿಹಾರವಾಗಿ: ಕೋಟಿ ಜನರ ಕಣ್ಣಿಗಿಂತ ತಿಂಗಳು ತಿಂಗಳು ಕೊಡುವ ಕೆಲವು ನೂರು ಮಂದಿ ಹೆಚ್ಚು ನಂಬಿಕಸ್ತರು ಎಂಬ ಲೆಕ್ಕ ಅದು. ಯೂಟ್ಯೂಬಿನ ಚಾನೆಲ್ ಸದಸ್ಯತ್ವದಲ್ಲಿ ತಯಾರಕರಿಗೆ ಸಿಗುವ ಪಾಲು ಶೇ. 70, ಜಾಹೀರಾತಿನ ಪಾಲಿಗಿಂತ ಹೆಚ್ಚು. ಆದರೆ ಸದಸ್ಯರಿಗೆ ಪ್ರತಿ ತಿಂಗಳು ಏನಾದರೂ ಕೊಡುತ್ತಿರಬೇಕಾದ ಹೊಣೆಯೂ ಅದರ ಜೊತೆಗೇ ಬರುತ್ತದೆ, ಹೊರಲಾಗದ ಮಾತು ಕೊಡಬಾರದು.

ಪ್ರಾಯೋಜಕರ ಒಪ್ಪಂದ ಸಿಕ್ಕರೆ ಎರಡು ಸಾಲುಗಳನ್ನು ಗಮನವಿಟ್ಟು ಓದಿ. ಇಷ್ಟು ವೀಕ್ಷಣೆ ಬಂದರೆ ಮಾತ್ರ ಪೂರ್ತಿ ಹಣ ಎಂಬ ಸಾಲಿದ್ದರೆ ವೇದಿಕೆಯ ಅನಿಶ್ಚಿತತೆಯನ್ನು ಪ್ರಾಯೋಜಕರು ನಿಮ್ಮ ಹೆಗಲಿಗೇ ಮತ್ತೆ ದಾಟಿಸಿದ್ದಾರೆ. ಅದನ್ನು ತೆಗೆಸಿ, ವಿಡಿಯೊ ಪ್ರಕಟವಾದ ದಿನಾಂಕಕ್ಕೆ ಹಣ ಎಂದು ಬರೆಸಿಕೊಳ್ಳಿ. ಅರ್ಧ ಮುಂಗಡ ಎಂಬ ಸಾಲು ಇಲ್ಲದಿದ್ದರೆ ಸೇರಿಸಲು ಕೇಳಿ. ಮುಂಗಡದ ಮಾತಿಗೇ ಮಾತುಕತೆ ಮುರಿದುಬಿದ್ದರೆ, ಕೆಲಸ ಮುಗಿದ ಮೇಲೆ ಆ ಹಣಕ್ಕಾಗಿ ಎಷ್ಟು ತಿಂಗಳು ಇಮೇಲ್ ಕಳುಹಿಸಬೇಕಾಗುತ್ತಿತ್ತು ಎಂಬುದನ್ನು ಆಗಲೇ ಅಂದಾಜು ಮಾಡಬಹುದು.

ಕೊನೆಯದಾಗಿ, ನೋಟ್‌ಬುಕ್ಕಿನ ಅದೇ ಪುಟದಲ್ಲಿ ಕುಸಿತ ಕಂಡ ದಿನಾಂಕದ ಕೆಳಗೆ ಇನ್ನೊಂದು ದಿನಾಂಕ ಬರೆಯಿರಿ: ಮೇಲಿನ ಪರೀಕ್ಷೆಗಳೆಲ್ಲ ಮುಗಿದು, ಒಂದೊಂದೇ ಬದಲಾವಣೆ ಮಾಡಿ ಕಾದು ನೋಡಿಯೂ ವರಮಾನ ಆ ಸಂಬಳದ ಮೊತ್ತವನ್ನು ಮುಟ್ಟದಿದ್ದರೆ ಬೇರೆ ಕೆಲಸವನ್ನು ಜೊತೆಗೆ ಹಿಡಿಯುವ ದಿನಾಂಕ. ಕೈಯಲ್ಲಿ ಇನ್ನೂ ಒಂದು ತಿಂಗಳ ಖರ್ಚು ಉಳಿದಿರುವಂತೆ ಅದನ್ನು ಗೊತ್ತುಮಾಡಿ, ಲೆಕ್ಕ ಬಲ್ಲ ಮನೆಯವರೊಬ್ಬರಿಗೆ ತೋರಿಸಿ ಇಡಿ.